ದಿಟ್ಟ ಎಂಬ ಮಾತು

ಮನುಷ್ಯರಂತೆ ಮಾತುಗಳೂ ಒಂದು ನಾಡಿನಿಂದ ಇನ್ನೊಂದು ನಾಡಿಗೆ ಬಂದಾಗ ಅವುಗಳ ಮರ್ಯಾದೆ ಏರುವುದೂ ಉಂಟು, ಇಳಿಯುವುದೂ ಉಂಟು. ಕನ್ನಡದ 'ದಿಟ್ಟ' ಹೀಗೆ ಏರಿದ ಮಾತು. ಇದು ಸಂಸ್ಕೃತದ 'ಧೃಷ್ಟ' ಶಬ್ದದ ತದ್ಭವ. ಮೂಲದಲ್ಲಿ ಧೈರ್ಯಶಾಲಿ ಎಂಬ ಅರ್ಥದೊಡನೆ ನಾಚಿಕೆಗೆಟ್ಟವನು ಎಂಬ ನಿಂದೆಯೂ ಅದಕ್ಕೆ ಅಂಟಿಕೊಂಡಿದೆ. ಅಲಂಕಾರಶಾಸ್ತ್ರದಲ್ಲಿ ಅನುಕೂಲ, ದಕ್ಷಿಣ, ಶಠ, ಧೃಷ್ಟ ಎಂದು ನಾಯಕರು ನಾಲ್ಕು ಬಗೆ; ತಪ್ಪು ಬಯಲಾದರೂ ಅಳುಕದೆ ನಿಲ್ಲುವವನು ಅಲ್ಲಿ ಧೃಷ್ಟ. ಕನ್ನಡದಲ್ಲಿಯಾದರೋ, 'ದಿಟ್ಟ ಹುಡುಗಿ' ಎಂದರೆ ಹೆತ್ತವರಿಗೆ ಹಿಗ್ಗು. ನಿಂದೆಯ ಪಾಲನ್ನು ನಾವು 'ಉದ್ಧಟ', 'ಭಂಡ' ಎಂಬ ಮಾತುಗಳಿಗೆ ಬಿಟ್ಟುಕೊಟ್ಟಿದ್ದೇವೆ. 'ಸಾಹಸ'ದ ಕಥೆಯೂ ಇಂಥದೇ. ಧರ್ಮಶಾಸ್ತ್ರಗಳಲ್ಲಿ ಅದು ಬಲಾತ್ಕಾರದ ಅಪರಾಧಕ್ಕೆ ಹೆಸರು. ಹತ್ತನೆಯ ಶತಮಾನದ ರನ್ನನಲ್ಲಿ 'ಸಾಹಸಭೀಮ' ಎಂಬುದು ಹೆಮ್ಮೆಯ ಬಿರುದು.

ಇನ್ನು ನೆರೆಯ ಮಾತುಗಳನ್ನು ನೋಡೋಣ. 'ಕೆಚ್ಚು' ಎಂದರೆ ಮರದ ಗಟ್ಟಿಯಾದ ಒಳತಿರುಳು, ಅದರಿಂದಲೇ ಕೆಚ್ಚೆದೆ. 'ಧೈರ್ಯ'ವು ಧೀರನ ಸ್ವಭಾವ. ಇವೆರಡೂ ಎದೆಯೊಳಗೆ ಸದ್ದಿಲ್ಲದೆ ಇರಬಲ್ಲವು. ದಿಟ್ಟತನಕ್ಕಾದರೋ ಎದುರಿಗೊಬ್ಬನು ಬೇಕು. ಕತ್ತಲೆಯಲ್ಲಿ ಒಬ್ಬನೇ ನಡೆಯುವವನು ಧೈರ್ಯವಂತ. ಬಲ್ಲಿದನ ಮುಖ ನೋಡಿ 'ಇದು ಸಲ್ಲದು' ಎನ್ನುವವನು ದಿಟ್ಟ.

ಈ ಭೇದವನ್ನು ಕೋಲಾರದ ಚಿನ್ನದ ಗಣಿ ಸ್ಪಷ್ಟವಾಗಿ ತೋರಿಸುತ್ತದೆ. ಅಲ್ಲಿಯ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ತಳದ ಬಂಡೆಯ ಶಾಖ 60 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತಿತ್ತು. ಮೇಲಿನ ಭಾರಕ್ಕೆ ಬಂಡೆ ಒಮ್ಮೆಗೇ ಸಿಡಿದರೆ ನೆಲದ ಮೇಲಿನ ಮನೆಗಳೂ ನಡುಗುತ್ತಿದ್ದವು. ಒಳಗಿದ್ದವರ ಗತಿಯನ್ನು ಹೇಳಬೇಕಾಗಿಲ್ಲ. ಇದನ್ನೆಲ್ಲ ಅರಿತೂ ದಿನದಿನವೂ ಇಳಿಯುತ್ತಿದ್ದವರದು ಧೈರ್ಯ. ಲೋಕವು ಅದನ್ನು ಹೊಗಳಿತು. ಹೊಗಳುವುದಕ್ಕೆ ಖರ್ಚೇನೂ ಇಲ್ಲವಷ್ಟೆ. ಆದರೆ 1930ರಲ್ಲಿ ಕೆಲಸಗಾರರ ಬೆರಳಚ್ಚು ತೆಗೆದು ದಾಖಲೆಯಿಡುವ ಏರ್ಪಾಡು ಬಂದಾಗ ಅದೇ ಜನ ಒಪ್ಪದೆ ಕೆಲಸ ನಿಲ್ಲಿಸಿದರು. ಬಂಡೆಗೆ ಅಂಜದವರು ಈಗ ಒಡೆಯರಿಗೂ ಅಂಜಲಿಲ್ಲ. ಇದು ದಿಟ್ಟತನ. ಇಂಥ ಸಮಯದಲ್ಲಿಯೇ ಮಾತಿನ ಹಳೆಯ ನಿಂದೆ ಮರಳಿ ತಲೆಯೆತ್ತುವುದು. ದುಡಿಯುವವನ ಬಾಯಲ್ಲಿ ದಿಟ್ಟತನವೆನಿಸಿದ್ದು ದುಡಿಸುವವನ ಕಿವಿಗೆ ಉದ್ಧಟತನವಾಗಿ ಕೇಳಿಸುವುದುಂಟು.

ಹಾಗಾದರೆ ಎರಡಕ್ಕೂ ಗೆರೆಯೆಲ್ಲಿ? ಉತ್ತರವನ್ನು ಆ ಸೀಮೆಯ ಇನ್ನೊಂದು ನುಡಿಯೇ ಕೊಡುತ್ತದೆ. ಬಂಗಾರಪೇಟೆಯ ಸುತ್ತಿನಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳುಗಳೂ ಬಳಕೆಯಲ್ಲಿವೆ. ತೆಲುಗಿನಲ್ಲಿ 'ದಿಟ್ಟ' ಎಂದರೆ ಕೆಲಸದಲ್ಲಿ ನುರಿತವನು, ಗಟ್ಟಿಗನು ಎಂಬ ಅರ್ಥವೂ ಉಂಟು. ತಾನು ನಿಂತ ನೆಲವನ್ನು ಬಲ್ಲವನ ಎದುರುಮಾತು ದಿಟ್ಟತನ. ಏನನ್ನೂ ಅರಿಯದೆ ಆಡಿದ್ದು ಬರಿಯ ಭಂಡಧೈರ್ಯ. ಬಂಡೆಯ ಗುಣವನ್ನು ಬಲ್ಲ ಗಣಿಗಾರನು 'ಇಲ್ಲಿ ಇಳಿಯಲಾರೆ' ಎಂದರೆ ಅದು ಹೇಡಿತನವಲ್ಲ, ದಿಟ್ಟತನವೇ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದು ಪಾತಾಳಕ್ಕೆ ಇಳಿಯುತ್ತಿದ್ದವರ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಬೆಳಗಿನ ರೈಲು ಹಿಡಿದು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿನ ಕೆಲಸಗಳಿಗೆ ಹೋಗಿಬರುತ್ತಾರೆ. ಅವರಲ್ಲೊಬ್ಬರು ನಮ್ಮ ಕಚೇರಿಯಲ್ಲೋ ಅಂಗಡಿಯಲ್ಲೋ ಕೂಲಿಯ ವಿಷಯವಾಗಿ ನೇರವಾಗಿ ಮಾತನಾಡಿದರೆ, 'ಉದ್ಧಟ' ಎಂಬ ಮಾತು ನಮ್ಮ ನಾಲಗೆಯ ತುದಿಗೆ ಬಂದೀತು. ಆಗ ನಾವು ಒಂದು ಗಳಿಗೆ ತಡೆದು, ಆತನು ಹೇಳುತ್ತಿರುವುದನ್ನು ಆತನಿಗಿಂತ ಚೆನ್ನಾಗಿ ಬಲ್ಲೆವೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಕನ್ನಡವು ಬಹುಕಾಲದ ಬಳಕೆಯಿಂದ ಮೆಚ್ಚುಗೆಯಾಗಿ ಮಾಡಿಕೊಂಡ ಮಾತನ್ನು ನಾವು ಮತ್ತೆ ಬೈಗುಳವಾಗಿಸಬಾರದು.