ದೂರದ ಯಂತ್ರಕ್ಕೆ ಬರೆದಿಟ್ಟ ಅಪ್ಪಣೆ

ಮಂಠಾಳದ ರೈತನೊಬ್ಬ ಸೋಯಾ ಕೊಯ್ದು ಹೊಲದಲ್ಲೇ ಹರಡಿದ್ದಾನೆನ್ನಿ. ಬಸವಕಲ್ಯಾಣದ ಪೇಟೆಧಾರಣೆ ದಿನಾ ಬೆಳಿಗ್ಗೆ 6ಕ್ಕೆ ಅವನ ಫೋನಿಗೆ ಬರಬೇಕು. ಮಳೆಮಾಪಕದಲ್ಲಿ ಹನಿ ಬಿದ್ದರೆ ಆ ಕ್ಷಣವೇ ಸುದ್ದಿ ಮುಟ್ಟಬೇಕು. ಮೊದಲನೆಯದು ಗಡಿಯಾರ ನೋಡಿ ನಡೆಯುವ ಕೆಲಸ, ಎರಡನೆಯದು ಘಟನೆ ನೋಡಿ. ಹಿಂದೆ ಊರು ತಳವಾರನಿಗೆ ಕೊಡುತ್ತಿದ್ದುದೂ ಈ ಎರಡು ಬಗೆಯ ಅಪ್ಪಣೆಯೇ ಅಲ್ಲವೆ?

ಕ್ಲೌಡ್ ಎಂದರೆ ಮುಗಿಲೇನಲ್ಲ; ದೂರದಲ್ಲಿದ್ದು ಬಾಡಿಗೆಗೆ ದುಡಿಯುವ ಕಂಪ್ಯೂಟರುಗಳು. ಅಮೆಜಾನಿನ ಕ್ಲೌಡಿನಲ್ಲಿ ಇಂಥ ಅಪ್ಪಣೆಗೆಂದು ಈವೆಂಟ್‌ಬ್ರಿಡ್ಜ್ ಎಂಬ ಏರ್ಪಾಡು 2019ರಿಂದ ಉಂಟು. ನಿಯಮವನ್ನು ಪ್ರೋಗ್ರಾಮಿನಲ್ಲೇ ಬರೆದಿಟ್ಟರೆ ಲೇಸು. ನಾಳೆ ಓದಿ ತಿದ್ದಬಹುದು, ಪಕ್ಕದ ಹಳ್ಳಿಗೂ ಬಳಸಬಹುದು. ಪುಟ್‌ರೂಲ್ ಎಂಬ ಕರೆ ‘ಯಾವಾಗ’ ಎಂಬುದನ್ನು ಹೇಳುತ್ತದೆ, ಪುಟ್‌ಟಾರ್ಗೆಟ್ಸ್ ‘ಯಾರಿಗೆ’ ಎಂಬುದನ್ನು. ಎರಡನೆಯದನ್ನು ಮರೆತಿರೋ, ನಿಯಮ ಹೊತ್ತಿಗೆ ಸರಿಯಾಗಿ ಏಳುತ್ತದೆ, ಯಾರನ್ನೂ ಕೂಗುವುದಿಲ್ಲ!

ಹೆಚ್ಚಿನವರು ಎಡವುವುದು ವೇಳೆಯಲ್ಲಿ. ಈ ನಿಯಮಗಳು ನೋಡುವುದು ಯುಟಿಸಿ ಎಂಬ ಜಾಗತಿಕ ವೇಳೆಯನ್ನು. ಅದು ನಮಗಿಂತ ಐದೂವರೆ ಗಂಟೆ ಹಿಂದೆ. 6 ಎಂದು ಬರೆದರೆ ಧಾರಣೆ ತಲುಪುವುದು 11-30ಕ್ಕೆ. ಅಷ್ಟರಲ್ಲಿ ಗಾಡಿ ಪೇಟೆ ಸೇರಿರುತ್ತದೆ. ಬರೆಯಬೇಕಾದ್ದು 0-30, ಅದರಲ್ಲೂ ನಿಮಿಷ ಮೊದಲು, ಗಂಟೆ ಆಮೇಲೆ. 2022ರಲ್ಲಿ ಬಂದ ಈವೆಂಟ್‌ಬ್ರಿಡ್ಜ್ ಷೆಡ್ಯೂಲರಿನಲ್ಲಾದರೆ ಭಾರತದ ವೇಳೆಯನ್ನೇ ಹೆಸರಿಸಬಹುದು. ಮಳೆಯ ನಿಯಮಕ್ಕೆ ಈ ಗೊಡವೆಯಿಲ್ಲ. ಮಾಪಕ ಕಳಿಸುವ ಸುದ್ದಿ ಹೇಗಿರುತ್ತದೆಂಬ ನಮೂನೆಯನ್ನಷ್ಟೆ ಬರೆದುಕೊಡಿ.