ಪರದೇಶದ ಉಚ್ಚ ವ್ಯಾಸಂಗ: ಪ್ರವೇಶವೂ ಧನಸಹಾಯವೂ

ಅಮೆರಿಕದ ವಿಶ್ವವಿದ್ಯಾನಿಲಯಗಳಿಂದ ನಿರಾಕರಣೆಯ ಪತ್ರ ಬಂದಾಗ, 'ನಮ್ಮ ಮಕ್ಕಳ ಓದು ಸಾಲದಾಯಿತು' ಎಂದು ತಂದೆತಾಯಿಗಳು ನೊಂದುಕೊಳ್ಳುವುದುಂಟು. ಎಷ್ಟೋ ವೇಳೆ ಈ ನೋವಿಗೆ ಕಾರಣವೇ ಇರುವುದಿಲ್ಲ. ಅಲ್ಲಿ ಪ್ರವೇಶವು ಯೋಗ್ಯತೆಯ ಪ್ರಶ್ನೆಯಷ್ಟೇ ಅಲ್ಲ, ಹಣದ ಪ್ರಶ್ನೆಯೂ ಹೌದು. ಅದು ಹೇಗೆಂಬುದನ್ನು ವಾಚಕರ ಮುಂದಿಡುತ್ತೇವೆ.

ವಿಜ್ಞಾನ ವಿಷಯಗಳಲ್ಲಿ ಪಿಎಚ್.ಡಿ. ಮಾಡುವವರು ಅಲ್ಲಿ ಸಾಮಾನ್ಯವಾಗಿ ಶುಲ್ಕ ತೆರುವುದಿಲ್ಲ. ಅವರಿಗೇ ವೇತನ ದೊರೆಯುತ್ತದೆ. ಆ ಹಣ ಬಹುಮಟ್ಟಿಗೆ ಎರಡು ಕಡೆಯಿಂದ ಬರುತ್ತದೆ: ಕೆಳತರಗತಿಗಳ ಬೋಧನೆಗೆ ನೆರವಾದುದಕ್ಕೆ ವಿಶ್ವವಿದ್ಯಾನಿಲಯ ಕೊಡುವ ಸಂಬಳ, ಮತ್ತು ಪ್ರಾಧ್ಯಾಪಕರು ಸರಕಾರದಿಂದ ಪಡೆದ ಸಂಶೋಧನಾ ಅನುದಾನ. ಒಬ್ಬ ವಿದ್ಯಾರ್ಥಿಯನ್ನು ಸೇರಿಸಿಕೊಂಡರೆ ಐದಾರು ವರ್ಷ ಅವನ ಭಾರ ಹೊತ್ತಂತೆ. ಅನುದಾನ ಇಳಿದಾಗ, ಈಗಾಗಲೇ ಸೇರಿದವರನ್ನು ನಡುನೀರಿನಲ್ಲಿ ಕೈಬಿಡುವುದು ಕಷ್ಟ. ಆದ್ದರಿಂದ ಕತ್ತರಿ ಮೊದಲು ಬೀಳುವುದು ಹೊಸಬರ ಸ್ಥಾನಗಳ ಮೇಲೆ.

೨೦೨೫ರಲ್ಲಿ ನಡೆದದ್ದು ಇದೇ. ಫೆಬ್ರುವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು, ಅನುದಾನದೊಡನೆ ಕಟ್ಟಡ, ವಿದ್ಯುತ್ತು, ಕಚೇರಿ ಮುಂತಾದವಕ್ಕೆಂದು ಕೊಡುವ ಪರೋಕ್ಷ ವೆಚ್ಚವನ್ನು ಶೇಕಡಾ ೧೫ಕ್ಕೆ ಇಳಿಸುವುದಾಗಿ ಸಾರಿತು. ಕೆಲವು ವಿಶ್ವವಿದ್ಯಾನಿಲಯಗಳಿಗೆ ಅದುವರೆಗೆ ಶೇಕಡಾ ೫೦ಕ್ಕೂ ಮಿಕ್ಕಿ ದೊರೆಯುತ್ತಿತ್ತು. ನ್ಯಾಯಾಲಯವು ಆ ಆಜ್ಞೆಯನ್ನು ತಡೆಹಿಡಿಯಿತು. ಆದರೂ ಮುಂದೇನೋ ಎಂಬ ಅಂಜಿಕೆಯಿಂದ ವಿಶ್ವವಿದ್ಯಾನಿಲಯಗಳು ಕೈ ಬಿಗಿಹಿಡಿದವು. ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯವು ಕೆಲದಿನ ಪಿಎಚ್.ಡಿ. ಪ್ರವೇಶವನ್ನೇ ನಿಲ್ಲಿಸಿತು. ಮ್ಯಾಸಚೂಸೆಟ್ಸ್‌ನ ಯುಮಾಸ್ ಚಾನ್ ವೈದ್ಯಕೀಯ ವಿದ್ಯಾಲಯವು ಜೀವವೈದ್ಯ ಸಂಶೋಧನೆಗೆ ಕೊಟ್ಟಿದ್ದ ಪ್ರವೇಶಗಳನ್ನು ಹಿಂದಕ್ಕೆ ಪಡೆಯಿತು. ಆರಿಸಿ ಕರೆದವರನ್ನೇ ಬೇಡವೆಂದರೆ ಅದು ಅವರ ಯೋಗ್ಯತೆಯ ತೀರ್ಪಾದೀತೆ?

ಎಂ.ಎಸ್. ಪದವಿಯ ಸಂಗತಿ ಬೇರೆ. ಅಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿಯೇ ಹಣ ತೆರುವವನು. ವಿಶ್ವವಿದ್ಯಾನಿಲಯಕ್ಕೆ ಅದು ಆದಾಯ. ಪಿಎಚ್.ಡಿ.ಗೆ ಅರ್ಜಿ ಹಾಕಿದವರಿಗೆ 'ಎಂ.ಎಸ್.ಗೆ ಬನ್ನಿರಿ' ಎಂಬ ಉತ್ತರ ಬರುವುದುಂಟು. ಮನೆಯನ್ನು ಒತ್ತೆಯಿಡುವ ಮುನ್ನ ಈ ಅಂತರವನ್ನು ತಿಳಿದಿರಬೇಕು.

ಪ್ರವೇಶಪತ್ರ ಬಂದಾಗ ಹಣದ ವಿಚಾರವಿರುವ ಭಾಗವನ್ನು ಮೊದಲು ಓದಿರಿ. ವೇತನ ಎಷ್ಟು ವರ್ಷ, ಯಾವ ಮೂಲದಿಂದ, ಪ್ರಾಧ್ಯಾಪಕರ ಅನುದಾನ ಮುಗಿದರೆ ಹೊಣೆ ಯಾರದು, ಇಷ್ಟನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಧನಸಹಾಯದ ಆಹ್ವಾನಕ್ಕೆ ಉತ್ತರಿಸಲು ಏಪ್ರಿಲ್ ೧೫ರ ತನಕ ಸಮಯ ಕೊಡುವುದಾಗಿ ಅಲ್ಲಿಯ ಬಹಳಷ್ಟು ವಿಶ್ವವಿದ್ಯಾನಿಲಯಗಳು ಒಪ್ಪಿಕೊಂಡಿವೆ, ಅವಸರ ಬೇಡ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಒಂದೊಂದು ಅರ್ಜಿ ಹೋಗಲಿ. ಅಲ್ಲಿಯೂ ಸಂಶೋಧನಾ ವಿದ್ಯಾರ್ಥಿಗಳಿಗೆ ವೇತನವುಂಟು.

ನಿರಾಕರಣೆಯ ಪತ್ರ ಬಂದ ಮನೆಯಲ್ಲಿ ಮಕ್ಕಳನ್ನು ಹಳಿಯಬೇಡಿರೆಂದು ನಮ್ಮ ಬಿನ್ನಹ. ಮರುವರ್ಷ ಮತ್ತೆ ಅರ್ಜಿ ಹಾಕಲು ಅಡ್ಡಿಯಿಲ್ಲ.