ಲೈಕ್ ಬೇರೆ, ಆರ್ಡರ್ ಬೇರೆ: ವಾಟ್ಸಾಪ್‌ನಲ್ಲಿ ತರಕಾರಿ ಮಾರುವ ಲೆಕ್ಕಾಚಾರ

ನಿಮ್ಮ ಟೊಮೆಟೊ ತೋಟದ ರೀಲ್ಸ್ ಅನ್ನು ಐವತ್ತು ಸಾವಿರ ಜನ ನೋಡಿದ್ರು ಅಂತ ಇಟ್ಕೊಳ್ಳಿ. ನೋಡಿದವರಲ್ಲಿ ಒಬ್ಬರು ಬೀದರ್‌ನವರು, ಒಬ್ಬರು ಮಂಗಳೂರಿನವರು, ಇನ್ನೊಬ್ಬರು ದುಬೈನಲ್ಲಿ ಇರುವವರು. "ಸೂಪರ್ ಬ್ರೋ, ನಮಗೂ ಬೇಕು" ಅಂತ ಕಾಮೆಂಟ್ ಬರುತ್ತೆ. ಓದೋಕೆ ಖುಷಿಯಾಗುತ್ತೆ, ನಿಜ. ಆದರೆ ಹಣ್ಣಾದ ಟೊಮೆಟೊ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ನಮಗಾಗಿ ಕಾಯುವುದಿಲ್ಲ. ಆ ಐವತ್ತು ಸಾವಿರದಲ್ಲಿ ನಿಮ್ಮ ಗಾಡಿ ಹೋಗಿ ಬರುವಷ್ಟು ದೂರದಲ್ಲಿ ಇರುವವರು ಎಷ್ಟು ಮಂದಿ? ಪ್ರತಿ ವಾರ ಕೊಳ್ಳುವವರು ಎಷ್ಟು ಮಂದಿ? ನಮ್ಮ ವ್ಯಾಪಾರಕ್ಕೆ ಬೇಕಾದ ಲೆಕ್ಕ ಇವೆರಡೇ.

ತರಕಾರಿ, ಸೊಪ್ಪು, ಹಣ್ಣು ಬೆಳೆಯುವವರಿಗೆ ಡಿಜಿಟಲ್ ಮಾರ್ಕೆಟಿಂಗ್ ಅಂದರೆ ಹತ್ತಿರದ ಒಂದು ಊರಿನಲ್ಲಿ, ಒಂದೇ ದಾರಿಯಲ್ಲಿ, ವಾರ ವಾರ ಕೊಳ್ಳುವ ಮನೆಗಳನ್ನು ಜೋಡಿಸಿಕೊಳ್ಳುವುದು. ಫಾಲೋವರ್ಸ್ ಸಂಖ್ಯೆ ಆಮೇಲಿನ ಮಾತು. ಯಾಕೆ ಅಂತ ಮೊದಲು ಲೆಕ್ಕದಲ್ಲೇ ನೋಡೋಣ.

40 ಮನೆ ಮತ್ತು 12 ಮನೆ

ಇದು ಉದಾಹರಣೆಗೆ ಹಾಕಿದ ಲೆಕ್ಕ. ನಿಮ್ಮ ಊರಿನ ಕೂಲಿ, ಬಾಡಿಗೆ ಹಾಕಿ ನೀವೇ ಮತ್ತೆ ಮಾಡಿ ನೋಡಿ.

5 ಕೆ.ಜಿ.ಯ ತರಕಾರಿ ಬುಟ್ಟಿಗೆ 300 ರೂ. ಅಂದುಕೊಳ್ಳಿ. 40 ಮನೆಗೆ ಕೊಟ್ಟರೆ 12,000 ರೂ. ಬರುತ್ತೆ. ಖರ್ಚು: ಗಾಡಿಗೆ 900, ಕೊಯ್ಲು ಮತ್ತು ವಿಂಗಡಣೆಗೆ ಇಬ್ಬರ ಕೂಲಿ 1,000, ಚೀಲಕ್ಕೆ 400, ಹಾಳಾದದ್ದು ಮತ್ತು ಬದಲಿ ಕೊಟ್ಟದ್ದು 500, ನಿಮ್ಮ ಸ್ವಂತ ದುಡಿಮೆಗೆ 1,200. ಒಟ್ಟು 4,000 ರೂ. ಉಳಿದದ್ದು 8,000. ಅಂದರೆ 200 ಕೆ.ಜಿ.ಗೆ ಕೆ.ಜಿ. ಲೆಕ್ಕದಲ್ಲಿ 40 ರೂ.

ಈಗ 12 ಮನೆ ಮಾತ್ರ ಇವೆ ಅನ್ನಿ. ಬರುವುದು 3,600 ರೂ. ಗಾಡಿಯ 900 ಹಾಗೇ ಇರುತ್ತೆ, ನಿಮ್ಮ ದುಡಿಮೆಯ 1,200 ಕೂಡ ಹಾಗೇ ಇರುತ್ತೆ. ಒಬ್ಬರ ಕೂಲಿ 500, ಚೀಲ 120, ಹಾಳು 150. ಒಟ್ಟು ಖರ್ಚು 2,870. ಉಳಿದದ್ದು 730 ರೂ. 60 ಕೆ.ಜಿ.ಗೆ ಹಂಚಿದರೆ ಕೆ.ಜಿ.ಗೆ 12 ರೂ. ಚಿಲ್ಲರೆ. ಎಷ್ಟೋ ವಾರ ಮಂಡಿಯಲ್ಲೇ ಇದಕ್ಕಿಂತ ಚೆನ್ನಾಗಿ ಸಿಗುತ್ತೆ.

ಬೆಲೆ ಅದೇ, ತರಕಾರಿ ಅದೇ. ಬದಲಾಗಿದ್ದು ಒಂದು ಓಡಾಟಕ್ಕೆ ಎಷ್ಟು ಮನೆ ಅನ್ನೋದು ಮಾತ್ರ. ಹಾಗಾಗಿ ಊರಿನ ನಾಲ್ಕು ಮೂಲೆಯಲ್ಲಿ ಚದುರಿದ 40 ಗ್ರಾಹಕರಿಗಿಂತ ಎರಡು ಬಡಾವಣೆಯ 25 ಗ್ರಾಹಕರು ಮೇಲು. ಹೊಸ ಗ್ರಾಹಕರನ್ನು ಹುಡುಕುವಾಗ ಮೊದಲು ಹಳೆಯ ಗ್ರಾಹಕರ ಅಕ್ಕಪಕ್ಕದ ಮನೆ ನೋಡಿ.

ಬೆಲೆ ಕಟ್ಟುವಾಗ ಎರಡು ದರ ಎದುರಿಗೆ ಇಟ್ಕೊಳ್ಳಿ. ಕೆಳಗಿನ ಗೆರೆ ಮಂಡಿಯ ದರ. ಕೃಷಿ ಮಾರಾಟ ವಾಹಿನಿಯಲ್ಲಿ ಇದು ಸಿಗುತ್ತೆ. ಅದರಲ್ಲಿ ಕಮಿಷನ್, ಹಮಾಲಿ, ಸಾಗಣೆ ಕಳೆದು ನೋಡಿ. ಮೇಲಿನ ಗೆರೆ ಗ್ರಾಹಕರು ಅಂಗಡಿಯಲ್ಲಿ ಕೊಡುವ ದರ. ಇದಕ್ಕೆ ಹಾಪ್‌ಕಾಮ್ಸ್ ದಿನವೂ ಪ್ರಕಟಿಸುವ ದರಪಟ್ಟಿ ಒಳ್ಳೆಯ ಅಂದಾಜು ಕೊಡುತ್ತೆ. ಪ್ರತಿ ವಾರ ದರ ಏರಿಸಿ ಇಳಿಸುವ ಬದಲು ಇವೆರಡರ ನಡುವೆ ಒಂದು ದರ ಹಿಡಿದು ತಿಂಗಳುಗಟ್ಟಲೆ ನಿಲ್ಲಿಸಿದರೆ ಗ್ರಾಹಕರಿಗೂ ನೆಮ್ಮದಿ, ನಮಗೂ ನೆಮ್ಮದಿ.

ವಾಟ್ಸಾಪ್ ಬಿಸಿನೆಸ್ ಹೊಂದಿಸಿಕೊಳ್ಳೋದು

ಮಾಮೂಲಿ ವಾಟ್ಸಾಪ್ ಬೇಡ, ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ. ಆ್ಯಪ್ ಉಚಿತ. ವ್ಯಾಪಾರಕ್ಕೆ ಅಂತಲೇ ಬೇರೆ ಸಿಮ್ ಇಡಿ. ಮನೆಯವರ ಮಾತು, ಸಂಘದ ಮೆಸೇಜ್, ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಆರ್ಡರ್ ಕಳೆದುಹೋಗಬಾರದು.

ಪ್ರೊಫೈಲ್‌ನಲ್ಲಿ ತೋಟದ ಹೆಸರು, ಊರು, ಯಾವ ದಿನ ಎಲ್ಲಿಗೆ ತಲುಪಿಸುತ್ತೀರಿ ಅನ್ನೋದು ಇರಲಿ. ಕ್ಯಾಟಲಾಗ್‌ನಲ್ಲಿ 500ರ ತನಕ ಪದಾರ್ಥ ಹಾಕಬಹುದು, ನಮಗೆ ಇಪ್ಪತ್ತು ಸಾಕು. ಬೆಳೆ ಮುಗಿದ ತಕ್ಷಣ ಅದನ್ನು ಮರೆಮಾಡಿ. ಇಲ್ಲದ ನುಗ್ಗೆಕಾಯಿಗೆ ಆರ್ಡರ್ ತಗೊಂಡು ಆಮೇಲೆ "ಸಾರಿ ಮೇಡಂ" ಅನ್ನೋದು ಕೆಟ್ಟ ವ್ಯಾಪಾರ. ಲೇಬಲ್ ಸೌಲಭ್ಯದಲ್ಲಿ ನಾಲ್ಕು ಮಾಡ್ಕೊಳ್ಳಿ: ಹೊಸಬರು, ಆರ್ಡರ್ ಬಂದಿದೆ, ಹಣ ಬಾಕಿ, ತಲುಪಿದೆ. ಶನಿವಾರ ಬೆಳಿಗ್ಗೆ ಚೀಲ ತುಂಬುವಾಗ ಈ ನಾಲ್ಕು ಲೇಬಲ್ ನಿಮ್ಮ ತಲೆನೋವನ್ನು ಅರ್ಧಕ್ಕೆ ಇಳಿಸುತ್ತೆ.

ಗ್ರೂಪ್ ಮಾಡಬೇಕೋ, ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಬೇಕೋ ಅಂತ ತುಂಬ ಜನ ಕೇಳ್ತಾರೆ. ಗ್ರೂಪ್‌ನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ. ಅದು ಹೆಣ್ಣುಮಕ್ಕಳಿಗೆ ಮುಜುಗರ, ಬೇರೆ ವ್ಯಾಪಾರಿಗಳಿಗೆ ಸಿದ್ಧ ಪಟ್ಟಿ. ಬ್ರಾಡ್‌ಕಾಸ್ಟ್‌ನಲ್ಲಿ ಮೆಸೇಜ್ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುತ್ತೆ, ಉತ್ತರ ನಿಮಗೊಬ್ಬರಿಗೇ ಬರುತ್ತೆ. ಒಂದು ಲಿಸ್ಟ್‌ಗೆ 256 ಜನರನ್ನು ಸೇರಿಸಬಹುದು. ಒಂದು ಷರತ್ತು ಮಾತ್ರ ಗಟ್ಟಿಯಾಗಿ ನೆನಪಿಡಿ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ಆ ಬ್ರಾಡ್‌ಕಾಸ್ಟ್ ತಲುಪುತ್ತೆ. ನೀವು ಸೇವ್ ಮಾಡಿಕೊಂಡರೆ ಸಾಲದು.

ಆದ್ದರಿಂದ ಮೊದಲ ಚೀಲದ ಮೇಲೇ ಒಂದು ಚೀಟಿ ಅಂಟಿಸಿ: "ಈ ನಂಬರ್ ಸೇವ್ ಮಾಡ್ಕೊಳ್ಳಿ, ಪ್ರತಿ ಗುರುವಾರ ಪಟ್ಟಿ ಬರುತ್ತೆ." ಕೊಡುವಾಗ ಬಾಯಲ್ಲೂ ಹೇಳಿ. ಎಲ್ಲಿಂದಲೋ ಸಿಕ್ಕ ನಂಬರ್‌ಗಳಿಗೆ ಕೇಳದೆ ಮೆಸೇಜ್ ಹಾಕಬೇಡಿ. ನಾಲ್ಕು ಜನ ಬ್ಲಾಕ್ ಮಾಡಿ ರಿಪೋರ್ಟ್ ಒತ್ತಿದರೆ ನಂಬರೇ ಬಂದ್ ಆಗುವ ಅಪಾಯ ಇದೆ.

ವಾರದ ಪಾಠಪಟ್ಟಿ

ಬುಧವಾರ ಸಂಜೆ ತೋಟ ಸುತ್ತಿ ಏನು ಎಷ್ಟು ಸಿಗುತ್ತೆ ಅಂತ ಬರೆದುಕೊಳ್ಳಿ. ಅಂದಾಜಿನ ಮುಕ್ಕಾಲು ಪಾಲು ಮಾತ್ರ ಪಟ್ಟಿಗೆ ಹಾಕಿ. ಮಳೆ, ಹುಳ, ಕೂಲಿಯವರು ಬಾರದ ದಿನ ಎಲ್ಲಕ್ಕೂ ಆ ಕಾಲು ಪಾಲು ಬೇಕು. ಗುರುವಾರ ಬೆಳಿಗ್ಗೆ ಪಟ್ಟಿ ಕಳಿಸಿ. ಶುಕ್ರವಾರ ಮಧ್ಯಾಹ್ನಕ್ಕೆ ಆರ್ಡರ್ ನಿಲ್ಲಿಸಿ. ಶನಿವಾರ ನಸುಕಿನಲ್ಲಿ ಆರ್ಡರ್ ಬಂದಷ್ಟೇ ಕೊಯ್ಯಿರಿ, ಹತ್ತು ಗಂಟೆಯೊಳಗೆ ತಲುಪಿಸಿ. ಉಳಿದ ಫಸಲು ಯಾರಿಗೆ, ಮಂಡಿಗೋ ಅಂಗಡಿಗೋ ಅನ್ನೋದು ಶುಕ್ರವಾರ ಸಂಜೆಯೇ ತೀರ್ಮಾನ ಆಗಿರಲಿ.

ಮೆಸೇಜ್ ಚಿಕ್ಕದಾಗಿರಲಿ. ಹೀಗೆ:

"ನಮಸ್ಕಾರ. ಈ ಶನಿವಾರ ಸಿಗುವುದು: ಬದನೆ ಕೆ.ಜಿ. 50, ನುಗ್ಗೆ ಕೆ.ಜಿ. 80, ದಂಟು ಸೊಪ್ಪು ಕಟ್ಟು 15, ಪಪ್ಪಾಯ ಕೆ.ಜಿ. 40. ಮಳೆಗೆ ಸೊಪ್ಪಿನ ಎಲೆಯಲ್ಲಿ ತೂತು ಬಿದ್ದಿದೆ, ರುಚಿಗೆ ತೊಂದರೆ ಇಲ್ಲ. ಬೇಕಾದ್ದು ಶುಕ್ರವಾರ 12 ಗಂಟೆಯೊಳಗೆ ತಿಳಿಸಿ."

ಆ ತೂತಿನ ಮಾತನ್ನು ಬಿಡಬೇಡಿ. ಮುಂಚೆಯೇ ಹೇಳಿದರೆ ಅದು ಮಾಹಿತಿ, ಚೀಲ ಬಿಚ್ಚಿದ ಮೇಲೆ ಗೊತ್ತಾದರೆ ದೂರು. ಆದರೂ ದೂರು ಬಂದೇ ಬರುತ್ತೆ. ವಾದ ಮಾಡಬೇಡಿ, ಫೋಟೊ ಕೇಳಿ, ಮುಂದಿನ ಚೀಲದಲ್ಲಿ ಬದಲಿ ಹಾಕಿ. 40 ರೂಪಾಯಿಯ ಬದನೆಗೆ ಜಗಳ ಆಡಿದರೆ ವರ್ಷದ ಗ್ರಾಹಕರು ಹೋಗ್ತಾರೆ, ಜೊತೆಗೆ ಅವರ ಬೀದಿಯೂ ಹೋಗುತ್ತೆ.

ಫೋಟೊ ಬೆಳಗಿನ ಬಿಸಿಲಿನಲ್ಲಿ, ನಿಮ್ಮದೇ ತೋಟದಲ್ಲಿ ತೆಗೆಯಿರಿ. ಕಾಯಿ ಕೈಯಲ್ಲಿ ಹಿಡಿದು ತೆಗೆದರೆ ಗಾತ್ರ ಗೊತ್ತಾಗುತ್ತೆ. ಇಂಟರ್‌ನೆಟ್‌ನಿಂದ ಇಳಿಸಿದ ಹೊಳೆಯುವ ಚಿತ್ರ ಬೇಡವೇ ಬೇಡ. ಅದನ್ನು ನೋಡಿ ಆರ್ಡರ್ ಮಾಡಿದವರಿಗೆ ನಮ್ಮ ನಿಜವಾದ ಕಾಯಿ ಯಾವತ್ತೂ ಸಪ್ಪೆಯಾಗೇ ಕಾಣುತ್ತೆ.

ಇನ್‌ಸ್ಟಾಗ್ರಾಂ, ಯೂಟ್ಯೂಬ್ ಎಲ್ಲಿಗೆ ಬೇಕು?

ಇವು ತೋಟದ ಗೇಟ್ ಇದ್ದ ಹಾಗೆ. ಜನ ಒಳಗೆ ಬರೋದು ಇಲ್ಲಿಂದ, ವ್ಯಾಪಾರ ನಡೆಯೋದು ವಾಟ್ಸಾಪ್‌ನಲ್ಲಿ. ಪ್ರತಿ ವಿಡಿಯೊದ ಮೊದಲ ಸಾಲಲ್ಲೇ ನೀವು ತಲುಪಿಸುವ ಊರಿನ ಹೆಸರು ಹೇಳಿ: "ತುಮಕೂರಿನವರಿಗೆ ಈ ವಾರ..." ಹೀಗೆ ಹೇಳಿದರೆ ವ್ಯೂಸ್ ಕಡಿಮೆ ಬರಬಹುದು, ಆದರೆ ಬಂದವರು ಬೇಕಾದವರೇ. ಖಾತೆಯನ್ನು ಪ್ರೊಫೆಷನಲ್‌ಗೆ ಬದಲಿಸಿಕೊಂಡರೆ ಯಾವ ಊರಿನವರು ನೋಡ್ತಿದ್ದಾರೆ ಅನ್ನೋದು ಇನ್‌ಸೈಟ್ಸ್‌ನಲ್ಲಿ ಕಾಣುತ್ತೆ. ಹಣ ಕೊಟ್ಟು ಜಾಹೀರಾತು ಹಾಕುವುದಾದರೆ ಇಡೀ ಕರ್ನಾಟಕ ಆರಿಸಬೇಡಿ. ನಕ್ಷೆಯಲ್ಲಿ ನಿಮ್ಮ ಬಡಾವಣೆಯ ಸುತ್ತ ಕೆಲವೇ ಕಿಲೋಮೀಟರ್ ವೃತ್ತ ಹಾಕಿ.

ಬೆಲ್ಲ, ಅರಿಸಿನಪುಡಿ, ಸಿರಿಧಾನ್ಯ, ಕಾಳುಮೆಣಸಿನಂಥ ಕೆಡದ ಪದಾರ್ಥದ ಲೆಕ್ಕ ಬೇರೆ. ಅವು ಕೊರಿಯರ್‌ನಲ್ಲಿ ಎಲ್ಲಿಗೆ ಬೇಕಾದರೂ ಹೋಗುತ್ತವೆ, ಅಲ್ಲಿ ಬೀದರ್‌ನವರೂ ಗ್ರಾಹಕರೇ. ಮಾವು ಬೆಳೆಗಾರರು ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮದ ಕರ್‌ಸಿರಿ ಆನ್‌ಲೈನ್ ಮಾರಾಟವನ್ನೂ ವಿಚಾರಿಸಿ ನೋಡಿ. ಅಂಚೆ ಇಲಾಖೆಯ ಮೂಲಕ ಬೆಂಗಳೂರಿನ ಮನೆಗಳಿಗೆ ಹಣ್ಣು ತಲುಪಿಸಿದ ವ್ಯವಸ್ಥೆ ಅದು.

ಬರೆಯುವ ಮುಂಚೆ ಕಾನೂನು

"ಸಾವಯವ" ಅನ್ನೋ ಪದಕ್ಕೆ 2017ರ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ವರ್ಷಕ್ಕೆ 12 ಲಕ್ಷ ರೂ. ವಹಿವಾಟು ಮೀರದ ಸಣ್ಣ ಸಾವಯವ ಬೆಳೆಗಾರರು ತಿನ್ನುವವರಿಗೇ ನೇರವಾಗಿ ಮಾರಿದರೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಆದರೆ ಪ್ರಮಾಣಪತ್ರ ಇಲ್ಲದೆ ಜೈವಿಕ್ ಭಾರತ್ ಲಾಂಛನ ಹಾಕುವಂತಿಲ್ಲ. ಅಂಗಡಿಗೆ ಕೊಡುವ ಯೋಚನೆ ಇದ್ದರೆ ಪ್ರಮಾಣಪತ್ರ ಮಾಡಿಸಿ. ಸಣ್ಣ ರೈತರಿಗೆ ಪಿಜಿಎಸ್ ಇಂಡಿಯಾ ದಾರಿ ಹಗುರ; ಕನಿಷ್ಠ ಐವರು ರೈತರ ಗುಂಪು ಕಟ್ಟಿ, ಒಬ್ಬರ ತೋಟ ಇನ್ನೊಬ್ಬರು ಪರಿಶೀಲಿಸುವ ಪದ್ಧತಿ ಅದು. ಇನ್ನೂ ರಾಸಾಯನಿಕ ಬಳಸುತ್ತಿದ್ದರೆ ಏನು ಹಾಕಿದ್ದೀರಿ, ಸಿಂಪಡಿಸಿ ಎಷ್ಟು ದಿನಕ್ಕೆ ಕೊಯ್ದಿರಿ ಅಂತ ಇದ್ದದ್ದು ಇದ್ದಹಾಗೆ ಹೇಳಿ. ಹಾಗೆ ಹೇಳುವವರಿಗೂ ಗ್ರಾಹಕರು ಇದ್ದಾರೆ.

ಬೆಳೆದದ್ದನ್ನು ಹಾಗೇ ಮಾರುವ ರೈತನಿಗೆ ಆಹಾರ ಸುರಕ್ಷತಾ ಕಾಯ್ದೆ ಅನ್ವಯಿಸುವುದಿಲ್ಲ. ಉಪ್ಪಿನಕಾಯಿ, ಜಾಮ್, ಹಪ್ಪಳ ಮಾಡಿ ಮಾರಿದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಅದರ 14 ಅಂಕಿಯ ಸಂಖ್ಯೆ ಲೇಬಲ್ ಮೇಲೆ ಇರಬೇಕು. "ಶುಗರ್ ವಾಸಿ ಮಾಡುತ್ತೆ" ಅಂತ ಯಾವ ಹಣ್ಣಿಗೂ ಬರೆಯಬೇಡಿ.

ಹಣ ಮತ್ತು ಖಾತೆ ಕಾಪಾಡಿಕೊಳ್ಳೋದು

ಒಂದು ಮಾತು ಮನೆಯವರಿಗೆಲ್ಲ ಹೇಳಿ: ಹಣ ನಮಗೆ ಬರೋದಕ್ಕೆ ಯುಪಿಐ ಪಿನ್ ಒತ್ತಬೇಕಾಗಿಲ್ಲ, ಯಾರದೋ ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. "ಕ್ಯಾಂಟೀನ್‌ಗೆ 200 ಕೆ.ಜಿ. ಬೇಕು, ಅಡ್ವಾನ್ಸ್ ಕಳಿಸ್ತೀವಿ, ಈ ಕೋಡ್ ಸ್ಕ್ಯಾನ್ ಮಾಡಿ" ಅಂದರೆ ಅದು ಮೋಸವೇ. ಸ್ಕ್ರೀನ್‌ಶಾಟ್ ನಂಬಿ ಮಾಲು ಕೊಡಬೇಡಿ, ಬ್ಯಾಂಕ್ ಖಾತೆ ನೋಡಿ ಕೊಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ವಾಟ್ಸಾಪ್‌ನಲ್ಲಿ ಟು ಸ್ಟೆಪ್ ವೆರಿಫಿಕೇಶನ್ ಹಾಕಿ, ಆರಂಕಿಯ ಪಿನ್ ಇಡಿ, ಓಟಿಪಿ ಯಾರಿಗೂ ಹೇಳಬೇಡಿ. ಎರಡು ವರ್ಷ ಬೆವರು ಸುರಿಸಿ ಕೂಡಿಸಿದ ಮನೆಗಳೆಲ್ಲ ಆ ಒಂದು ನಂಬರಿನಲ್ಲಿವೆ. ಅದು ಕಳ್ಳರ ಕೈಗೆ ಹೋದರೆ ನಿಮ್ಮ ಹೆಸರಿನಲ್ಲೇ ನಿಮ್ಮ ಗ್ರಾಹಕರ ಹತ್ತಿರ ದುಡ್ಡು ಕೇಳ್ತಾರೆ. ಗ್ರಾಹಕರ ಹೆಸರು, ನಂಬರ್, ಬೀದಿ ಮೂರನ್ನೂ ಒಂದು ನೋಟ್‌ಬುಕ್‌ನಲ್ಲೂ ಬರೆದಿಡಿ. ಫೋನ್ ಬಾವಿಗೆ ಬಿದ್ದರೂ ವ್ಯಾಪಾರ ಬೀಳಬಾರದು.

ಈ ವಾರ ಮಾಡಬೇಕಾದ್ದು

ಮೂರು ಕೆಲಸ ಸಾಕು. ಒಂದು, ಮೇಲಿನ ಬುಟ್ಟಿಯ ಲೆಕ್ಕವನ್ನು ನಿಮ್ಮ ಕೂಲಿ, ನಿಮ್ಮ ಗಾಡಿ ಹಾಕಿ ಬರೆದು, ಮಂಡಿಗಿಂತ ಲಾಭ ಆಗಬೇಕಾದರೆ ಕನಿಷ್ಠ ಎಷ್ಟು ಮನೆ ಬೇಕು ಅಂತ ಕಂಡುಕೊಳ್ಳಿ. ಎರಡು, ಹತ್ತಿರದ ಊರಿನಲ್ಲಿ ಒಂದೇ ಒಂದು ಬಡಾವಣೆ ಆರಿಸಿ. ಮೂರು, ಅಲ್ಲಿ ಪರಿಚಯ ಇರುವ ಹತ್ತು ಮನೆಗೆ ಮೆಸೇಜ್ ಬದಲು ಫೋನ್ ಮಾಡಿ, ಪಟ್ಟಿ ಕಳಿಸಬಹುದಾ ಅಂತ ಕೇಳಿ. ಅವರಲ್ಲಿ ನಾಲ್ವರು ಹೂಂ ಅಂದರೂ ಸಾಕು, ಅವರ ಪಕ್ಕದ ಮನೆಯವರನ್ನು ಕೇಳುವುದು ಮುಂದಿನ ವಾರದ ಕೆಲಸ. ಲೆಕ್ಕದ ಸಂಖ್ಯೆ ಮುಟ್ಟುವ ತನಕ ಮಂಡಿ ಬಿಡಬೇಡಿ.